ಗಾಳಿ ಮೇಸ್ತ್ರಿ

“ಅವಳಿಗೆ ಹೇಳು, ಟೈರು ಸುಮ್ಮಸುಮ್ಮನೆ ಸಿಡಿಯಲ್ಲ ಅಂತ.”

ಮಾವ ಇದನ್ನು ಹೇಳಿದ್ದು ಅತ್ತೆಗೆ. ಸೊಸೆ ನಿಂತಿದ್ದದ್ದು ಅವರ ಎದುರಿಗೇ, ಅಂಗಳದ ಗೋಡೆಗೆ ಒರಗಿಸಿಟ್ಟಿದ್ದ ಸಿಡಿದ ಟೈರಿನ ಪಕ್ಕ.

“ಅವರಿಗೆ ಹೇಳಿ ಅತ್ತೆ, ನಂಗೂ ಕಿವಿ ಇದೆ ಅಂತ.”

ಅತ್ತೆ ಒದ್ದೆ ಬೆಡ್‌ಶೀಟನ್ನು ಫಟ್ ಎಂದು ಕೊಡವಿ ಹಗ್ಗದ ಮೇಲೆ ಎಸೆದರು. “ನೀವಿಬ್ಬರೂ ಕೂಗೋದು ಬೀದಿ ಕೊನೇವರೆಗೂ ಕೇಳ್ಸತ್ತೆ. ಮಧ್ಯ ನಾನೊಬ್ಬಳು ಯಾಕೆ, ಪೋಸ್ಟ್ ಡಬ್ಬಾನಾ?”

ಟೈರಿನ ಪಕ್ಕೆಯಲ್ಲಿ ಅಂಗೈ ತೂರುವಷ್ಟು ದೊಡ್ಡ ಸೀಳು ಬಿದ್ದಿತ್ತು. ನಡುವಿನ ಗೆರೆಗಳು ಇನ್ನೂ ಚೆನ್ನಾಗಿದ್ದವು. ಎರಡೂ ಅಂಚು ಮಾತ್ರ ತಿಕ್ಕಿ ತಿಕ್ಕಿ ನುಣ್ಣಗಾಗಿದ್ದವು. ಹಿಂದಿನ ಸಂಜೆ ಹೊಸ ಟೈರು ಹಾಕಿ ನಾಲ್ಕಕ್ಕೂ ಗಾಳಿ ತುಂಬಿಕೊಟ್ಟ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, “ಗಾಳಿ ಕಮ್ಮಿ ಇಟ್ಕೊಂಡು ಓಡ್ಸಿದೀರಿ ಮೇಡಂ” ಎಂದಿದ್ದ. ಆ ಮಾತನ್ನು ಅವಳು ಒಪ್ಪಿರಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಕ್ಲಾಸಿಗೆ ಮುಂಚೆ ಪೆಟ್ರೋಲ್ ಬಂಕಿಗೆ ಹೋಗಿ, ತಾನೇ ಕೆಳಗಿಳಿದು, ನಾಲ್ಕೂ ಚಕ್ರಕ್ಕೆ ಮೂವತ್ತಮೂರು ಪಾಯಿಂಟು ಗಾಳಿ ಹಿಡಿಸಿಕೊಂಡು ಬರುವವಳು ಅವಳು. ಆದರೂ ಬುಧವಾರ ಗುರುವಾರದ ಹೊತ್ತಿಗೆ ಸ್ಟೀರಿಂಗು ಭಾರವಾಗುತ್ತಿತ್ತು, ಗಾಡಿ ಕೆಸರಿನಲ್ಲಿ ನಡೆದ ಹಾಗೆ ಹೋಗುತ್ತಿತ್ತು. ವಾಲ್ವು ಸೋರುತ್ತಿರಬೇಕು ಎಂದು ನಾಲ್ಕನ್ನೂ ಬದಲಾಯಿಸಿದ್ದಳು. ಆಮೇಲೂ ಅದೇ ಹಾಡು. ಮೊನ್ನೆ ಮೊನ್ನೆ ಬಂಕಿನ ಗಾಳಿ ಯಂತ್ರ ಕೆಟ್ಟು ಎರಡು ವಾರ ತುಂಬಿಸಿಯೇ ಇರಲಿಲ್ಲ. ಬೇರೆ ಬಂಕಿಗೆ ಹೋಗಬೇಕಿತ್ತು, ಹೋಗಲಿಲ್ಲ. ಅಷ್ಟು ಮಾತ್ರ ಅವಳ ತಪ್ಪು.

ಅವಳು ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಗಂಡಸರು ಕಲಿಸುವ ಸ್ಕೂಲುಗಳು ಬೇಕಾದಷ್ಟಿದ್ದವು. ಅಲ್ಲಿ ಬೈಸಿಕೊಂಡು ಅರ್ಧಕ್ಕೆ ಬಿಟ್ಟವರೆಲ್ಲ ಅವಳ ಹತ್ತಿರ ಬರುತ್ತಿದ್ದರು. ನರ್ಸು, ಬ್ಯಾಂಕಿನವಳು, ಮೊಮ್ಮಕ್ಕಳಿದ್ದ ಒಬ್ಬ ಅಜ್ಜಿ. ಅವಳೂ ಬೈಯುತ್ತಿದ್ದಳು, ಆದರೆ ಅವಳು ಬೈದರೆ ಯಾರೂ ಬಿಟ್ಟು ಹೋಗುತ್ತಿರಲಿಲ್ಲ. “ಅಜ್ಜಿ, ಅದು ಕ್ಲಚ್ಚು, ಸೊಸೆ ಕಾಲಲ್ಲ, ಮೆತ್ತಗೆ ತುಳೀರಿ” ಎಂದರೆ ಅಜ್ಜಿ ನಕ್ಕು ನಕ್ಕು ಗಾಡಿ ಆಫ್ ಮಾಡಿಬಿಡುತ್ತಿತ್ತು.

ಟೈರು ಸಿಡಿದಾಗ ಸ್ಟೀರಿಂಗ್ ಹಿಡಿದಿದ್ದವಳು ಟೈಲರಮ್ಮ. ಪಾರ್ಕಿನ ಪಕ್ಕದ ನೇರ ರಸ್ತೆ. ಮುಂದಿನ ಎಡಗಡೆಯ ಟೈರು ಪಟಾರ್ ಎಂದಿತು, ಗಾಡಿ ಎಡಕ್ಕೆ ಎಳೆಯಿತು, ಟೈಲರಮ್ಮ ಕಣ್ಣು ಮುಚ್ಚಿ ಚೀರಿದಳು. ಇವಳು ಕಲಿಸುವವರಿಗೆಂದೇ ತನ್ನ ಕಡೆ ಇದ್ದ ಬ್ರೇಕನ್ನು ತುಳಿದಳು. ಗಾಡಿ ನಿಂತಿತು, ಆದರೆ ಪಾರ್ಕಿನ ಗೋಡೆಗೆ ತಗುಲಿದ ಮೇಲೆ. ಟೈಲರಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಮಾರನೆಯ ದಿನಕ್ಕೇ ಬೀದಿಯಲ್ಲಿ ಕಥೆ ತಯಾರಾಗಿತ್ತು. ಟೈಲರಮ್ಮ ಬ್ರೇಕು ಒತ್ತುವ ಬದಲು ಆಕ್ಸಿಲರೇಟರ್ ಒತ್ತಿದಳಂತೆ. ಹೆಂಗಸು ಹೆಂಗಸಿಗೆ ಕಲಿಸಿದರೆ ಇನ್ನೇನಾಗುತ್ತದೆ?

ಇದನ್ನು ಮನೆಯೊಳಗೆ ಹೊತ್ತು ತಂದವನು ಗಂಡ. ಕನ್ನಡಕದ ಅಂಗಡಿಯಲ್ಲಿ ಕೆಲಸ, ದಿನವಿಡೀ ಗಿರಾಕಿಗಳಿಗೆ ‘ಇದು ಸ್ಪಷ್ಟವಾಗಿದೆಯಾ, ಅದು ಸ್ಪಷ್ಟವಾಗಿದೆಯಾ’ ಎಂದು ಕೇಳಿ ಕೇಳಿ ಮನೆಗೆ ಬಂದರೆ ಏನೂ ಸ್ಪಷ್ಟವಾಗಿ ಮಾತಾಡುತ್ತಿರಲಿಲ್ಲ. ಈ ಬೆಳಿಗ್ಗೆ ಮಾತ್ರ ಸ್ಪಷ್ಟವಾಗಿಯೇ ಹೇಳಿದ.

“ಸಾಯಂಕಾಲ ಒಬ್ಬರು ಗಾಡಿ ನೋಡಕ್ಕೆ ಬರ್ತಾರೆ. ಮಾರಿಬಿಡೋಣ.”

“ಯಾರ ಗಾಡಿ?”

“ಹೆಸರು ನಂದೇ ಇದೆಯಲ್ಲ.”

“ಹೆಸರು ನಿಂದು. ಓಡ್ಸಿದ್ದು, ತೊಳೆದದ್ದು, ಸರ್ವಿಸ್ ಮಾಡ್ಸಿದ್ದು ಎಲ್ಲ ನಾನು. ಹೆಸರು ಬೇಕಾದ್ರೆ ಕಿತ್ಕೊಂಡು ಹೋಗು.”

“ಅಪ್ಪಾನೂ ಅದೇ ಅಂತಾರೆ. ಮನೇಲಿ ಶಾಂತಿ ಬೇಕು ಕಣೆ.”

“ಶಾಂತಿ ಬೇಕಾದ್ರೆ ಬೆಂಗಾಡಿಗೆ ಹೋಗು,” ಎಂದು ಅವಳು ಕೀಲಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ಒಳಗಿನಿಂದ ಅತ್ತೆ ಚಹಾ ತಂದರು. ಆಗ ತಾನೇ ಒಲೆಯಿಂದ ಇಳಿಸಿದ್ದು, ಸ್ಟೀಲ್ ಲೋಟದ ಅಂಚಿನಲ್ಲಿ ಇನ್ನೂ ಕುದಿಯುತ್ತಿರುವ ಹಾಗಿತ್ತು. ಸೊಸೆ ತನ್ನ ಲೋಟವನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡಳು. ಮಾವ ನಡುಮಧ್ಯಕ್ಕೇ ಕೈ ಹಾಕಿ ಎತ್ತಿ ಕುಡಿದರು.

“ನಿಮ್ಮ ಕೈ ಏನು ಕಬ್ಬಿಣದ್ದಾ?” ಎಂದರು ಅತ್ತೆ.

“ಮೂವತ್ತು ವರ್ಷ ಡಿಪೋದಲ್ಲಿ ಟೈರು ಹಿಡಿದ ಕೈ,” ಎಂದರು ಮಾವ. ಇದನ್ನೂ ಸೊಸೆಗೆ ಕೇಳಲಿ ಎಂದೇ ಅಂದದ್ದು.

ಅವರು ಬಸ್ ಡಿಪೋದ ಟೈರು ಸೆಕ್ಷನ್ನಿನಲ್ಲಿದ್ದವರು. ಅಲ್ಲಿ ಎಲ್ಲರೂ ಅವರನ್ನು ಗಾಳಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೆಳಗಿನ ಜಾವ ಸಾಲಾಗಿ ನಿಂತ ಬಸ್ಸುಗಳ ನಡುವೆ ಅವರು ಕಬ್ಬಿಣದ ಸಲಾಕೆ ಹಿಡಿದು ನಡೆದರೆ, ಚಕ್ರಕ್ಕೆ ಬಡಿದ ಸದ್ದಿನ ಮೇಲೆಯೇ ಯಾವ ಬಸ್ಸು ಹೊರಡಬೇಕು, ಯಾವುದು ನಿಲ್ಲಬೇಕು ಎಂದು ಹೇಳಿಬಿಡುತ್ತಿದ್ದರು. ಡ್ರೈವರುಗಳು ಅವರ ಬಾಯಿಗೆ ಹೆದರುತ್ತಿದ್ದರು. ಸೊಸೆ ಕಾರು ಕಲಿಸುತ್ತೇನೆ ಎಂದು ಹೊರಟಾಗ ಬೀದಿಯವರ ಮುಂದೆಯೇ ಗುಡುಗಿದ್ದರು. “ಸಾವಿರ ಬಸ್ಸಿನ ಚಕ್ರ ನೋಡ್ದೋನು ನಾನು. ನನಗೆ ಗೊತ್ತಿಲ್ವಾ ಯಾರ ಕೈಗೆ ಗಾಡಿ ಕೊಡಬೇಕು, ಯಾರ ಕೈಗೆ ಕೊಡಬಾರದು ಅಂತ?”

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. “ಚಕ್ರ ನೋಡಿದೀರಿ ಮಾವ, ಒಂದು ದಿನಾನಾದ್ರೂ ಓಡ್ಸಿದೀರಾ?” ಎಂದುಬಿಟ್ಟಿದ್ದಳು.

ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಲಿತೇ ಇರಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದ, ಯಾರೂ ಎತ್ತದ ಮಾತು ಅದು. ಆವತ್ತಿನಿಂದ ಮಾವ ಸೊಸೆ ಒಬ್ಬರಿಗೊಬ್ಬರು ನೇರ ಮಾತಾಡಿರಲಿಲ್ಲ. ಅವಳು ಓಡಿಸುವ ಗಾಡಿಯಲ್ಲಿ ಅವರು ಕೂತಿರಲಿಲ್ಲ. ಜ್ವರ ಬಂದಾಗಲೂ ಆಟೋದಲ್ಲೇ ಆಸ್ಪತ್ರೆಗೆ ಹೋಗಿದ್ದರು.

ಚಹಾ ಮುಗಿಸಿ ಅವಳು ಗಾಡಿ ತೆಗೆದಳು. ಬೆಳಗಿನ ಕ್ಲಾಸಿಗೆ ನರ್ಸೊಬ್ಬಳೇ ಬಂದಳು. ಬ್ಯಾಂಕಿನವಳು ‘ಮನೇಲಿ ಬೇಡ ಅಂತಿದಾರೆ’ ಎಂದು ಮೆಸೇಜು ಹಾಕಿದ್ದಳು. ಅಜ್ಜಿಯ ಮಗ ಫೋನು ಮಾಡಿ, ಅಮ್ಮನಿಗೆ ಮಂಡಿ ನೋವು ಎಂದ. ನಿನ್ನೆಯವರೆಗೂ ಇಲ್ಲದ ಮಂಡಿ ನೋವು. ಅವಳು “ಅಜ್ಜಿಗೆ ನಾನು ಕೇಳ್ದೆ ಅಂತ ಹೇಳಿ” ಎಂದು ಹಲ್ಲು ಕಚ್ಚಿ ಫೋನಿಟ್ಟಳು.

ಕ್ಲಾಸು ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಟೈಲರಮ್ಮನ ಅಂಗಡಿಯ ಮುಂದೆ ನಿಲ್ಲಿಸಿದಳು. ಟೈಲರಮ್ಮ ಮಿಷನ್ನಿನ ಮುಂದೆಯೇ ಕೂತಿದ್ದಳು. ಬಲಗೈಯನ್ನು ಪ್ಲಾಸ್ಟರಿನಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು, ಎಡಗೈಯಲ್ಲಿ ಒಂದು ಬ್ಲೌಸಿನ ಹೊಲಿಗೆ ಬಿಚ್ಚುತ್ತಿದ್ದಳು. ಸುತ್ತ ಅರ್ಧ ಹೊಲಿದ ಬಟ್ಟೆಗಳು ರಾಶಿ ಬಿದ್ದಿದ್ದವು.

“ಬಿಚ್ಚೋದೊಂದು ಎಡಗೈಲೂ ಬರತ್ತೆ ನೋಡಿ ಮೇಡಂ,” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಂದೇ ತಪ್ಪು. ಈ ಕೈಗೆ ಸೂಜಿ ಅಷ್ಟೇ ಬರೆದಿರೋದು. ಗಾಡಿ ಅನ್ನೋ ಆಸೆ ನಂಗ್ಯಾಕೆ ಬೇಕಿತ್ತು?”

“ಟೈರು ಸಿಡಿದದ್ದು ಕಣ್ರೀ. ಯಾರು ಹಿಡಿದಿದ್ರೂ ಎಳೀತಿತ್ತು.”

“ನೀವು ಒಳ್ಳೇವ್ರು, ಹಾಗಂತೀರಿ. ನಮ್ಮನೆಯವರು ಹೇಳಿದ್ರು, ನಾನೇ ಗಾಬರೀಲಿ ತಿರುಗಿಸಿರ್ತೀನಿ ಅಂತ. ನಂಗೂ ಹಾಗೇ ಅನ್ನಿಸ್ತಿದೆ ಈಗ.”

ಎಷ್ಟು ಹೇಳಿದರೂ ಟೈಲರಮ್ಮ ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಸೊಸೆ ಕಾರಿಗೆ ಬಂದು ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ, ಪಕ್ಕದ ಅಂಗಡಿಯವನು ತಲೆಯೆತ್ತಿ ನೋಡಿದ. ಯಾರ ಮೇಲೆ ಸಿಟ್ಟು ಎಂದು ಅವಳಿಗೇ ಗೊತ್ತಿರಲಿಲ್ಲ. ಬಂಕಿನ ಮೇಲೆ, ಟೈರು ಮಾಡಿದ ಕಂಪನಿಯ ಮೇಲೆ, ಟೈಲರಮ್ಮನ ಗಂಡನ ಮೇಲೆ, ತನ್ನ ಗಂಡನ ಮೇಲೆ. ಸುಳ್ಳನ್ನು ಇಷ್ಟು ಬೇಗ ಒಪ್ಪಿಕೊಂಡ ಟೈಲರಮ್ಮನ ಮೇಲೂ.

ಮನೆ ಮುಂದೆ ಬಿಸಿಲು ಸುರಿಯುತ್ತಿತ್ತು. ಗಾಡಿ ನಿಲ್ಲಿಸಿ ಒಳಗೆ ಹೋಗಿ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಾಗ ನೆನಪಾಯಿತು. ಟೈರು ಸಿಡಿದ ದಿನದ ಗಡಿಬಿಡಿಯಲ್ಲಿ ಟೈಲರಮ್ಮನ ಒಂದು ಚಪ್ಪಲಿ ಕಾರಿನಲ್ಲೇ ಉಳಿದಿತ್ತು. ಕೊಡಬೇಕೆಂದು ಹೋಗಿ ಕೊಡದೆಯೇ ಬಂದಿದ್ದಳು. ಬಿಸಿಲಿನಲ್ಲಿ ಸುಟ್ಟು ಮುರುಟೀತು ಎಂದು ತಟ್ಟೆ ಬಿಟ್ಟು ಎದ್ದಳು.

ಬಾಗಿಲ ಹತ್ತಿರ ಬಂದಾಗ ಸದ್ದು ಕೇಳಿಸಿತು. ಸುಸ್ಸ್... ನಿಂತಿತು. ಮತ್ತೆ ಸುಸ್ಸ್...

ಮಾವ ಕಾರಿನ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ತಲೆಯ ಮೇಲೆ ಟವೆಲು. ಬಿಚ್ಚಿದ ವಾಲ್ವಿನ ಮುಚ್ಚಳಗಳನ್ನು ಕಳೆದುಹೋಗದಂತೆ ಅಂಗಿಯ ಜೇಬಿನಲ್ಲಿ ಹಾಕಿಕೊಂಡಿದ್ದರು. ಒಂದು ಕೈಯಲ್ಲಿ ಡಿಪೋದಿಂದ ಬರುವಾಗ ತಂದ, ಗಾಳಿ ಅಳೆಯುವ ಹಿತ್ತಾಳೆಯ ಗೇಜು, ಇನ್ನೊಂದು ಕೈಯಲ್ಲಿ ಒಂದು ಮೊಳೆ. ಮೊಳೆಯ ತುದಿಯಿಂದ ವಾಲ್ವು ಒತ್ತುತ್ತಿದ್ದರು.

“ಏನ್ ಮಾಡ್ತಿದೀರಾ?”

ಅವರು ಬೆಚ್ಚಲಿಲ್ಲ. ತಿರುಗಿ ನೋಡಿದರು. “ಕಣ್ಣಿಲ್ವಾ? ಗಾಳಿ ಇಳಿಸ್ತಿದೀನಿ. ಮೂವತ್ತೊಂಬತ್ತು ಇದೆ! ಮೂವತ್ತಮೂರು ಅಂತ ಗಾಡಿ ಬಾಗಿಲಲ್ಲೇ ಅಂಟಿಸಿದಾರೆ, ಓದಕ್ಕೆ ಬರಲ್ವಾ? ಬಲೂನು ಊದ್ದಂಗೆ ಊದ್ಕೊಂಡು ಬರ್ತೀಯ. ದಿನಾ ಇಳಿಸಿ ಇಳಿಸಿ ಸಾಕಾಗಿದೆ ನಂಗೆ!”

“ದಿನಾನಾ?”

“ಹೂಂ, ದಿನಾ. ನೀನು ಊಟಕ್ಕೆ ಕೂತಾಗ. ಮನೆ ಮುಂದೆ ನಿಂತ ಗಾಡೀಲಿ ಗಾಳಿ ಸರಿ ಇಲ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲ. ನಾನು ನೋಡ್ಕೊಳ್ಳದೆ ಇದ್ದಿದ್ರೆ ಆ ಟೈರು ಯಾವಾಗಲೋ ಸಿಡೀತಿತ್ತು.”

ಅವಳ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಸೋಮವಾರ ತಾನು ತುಂಬಿಸಿಕೊಂಡು ಬರುವುದು, ಮಧ್ಯಾಹ್ನ ಇವರು ಇಳಿಸುವುದು, ಬುಧವಾರ ಸ್ಟೀರಿಂಗ್ ಭಾರವಾಗುವುದು, ವಾಲ್ವು ಬದಲಾಯಿಸುವುದು. ಒಂದೇ ಮನೆಯ ಇಬ್ಬರು ಒಂದೇ ಚಕ್ರಕ್ಕೆ. ಒಂದೇ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಅದಕ್ಕೆ ಟೈಲರಮ್ಮನ ಮಣಿಕಟ್ಟು ಮುರಿಯಬೇಕಾಯಿತು.

“ಊರೆಲ್ಲ ಸುತ್ತಿ ಈಗ ಬಂದು ನಿಂತ ಗಾಡಿ! ಸುಡು ಸುಡು ಟೈರಲ್ಲಿ ಗಾಳಿ ಹೆಚ್ಚೇ ತೋರ್ಸತ್ತೆ. ಅದನ್ನ ಇಳಿಸಿದ್ರೆ ತಣ್ಣಗಾದ್ಮೇಲೆ ಏನ್ ಉಳಿಯತ್ತೆ, ನಿಮ್ಮ ತಲೆ? ಡಿಪೋದಲ್ಲೂ ಇದನ್ನೇ ಮಾಡಿದ್ರಾ?”

ಮಾವ ಎದ್ದು ನಿಂತರು. ಮುಖ ಕೆಂಪಗಾಗಿತ್ತು. “ನಂಗೆ ಹೇಳ್ಕೊಡ್ತೀಯಾ ನೀನು? ಬಿಸಿ ಟೈರಿಗೆ ಗೇಜು ಹಾಕ್ಬೇಡಿ ಅಂತ ಇಡೀ ಡಿಪೋಗೆ ಉಗಿದು ಉಗಿದು ಹೇಳ್ದೋನು ನಾನು! ಮೊದಲು ಕೈ, ಆಮೇಲೆ ಗೇಜು. ಒಂದು ದಿನ ತಪ್ಪಿಸಿಲ್ಲ. ಇವತ್ತೂ ಕೈಯಿಟ್ಟು ನೋಡೇ ಗೇಜು ಹಾಕಿದ್ದು. ತಣ್ಣಗಿದೆ ಟೈರು.”

“ತಣ್ಣಗಿದೆಯಾ?”

ಅವಳು ಬಗ್ಗಿ ಟೈರಿನ ಪಕ್ಕೆಗೆ ಅಂಗೈ ಇಟ್ಟಳು. ಇಟ್ಟವಳೇ ಸರಕ್ಕನೆ ಕೈ ಎಳೆದುಕೊಂಡಳು. ಮರುಕ್ಷಣ, ಈ ಮನೆಗೆ ಬಂದ ಮೇಲೆ ಯಾವತ್ತೂ ಮಾಡದ ಕೆಲಸ ಮಾಡಿದಳು. ಮಾವನ ಮಣಿಕಟ್ಟನ್ನೇ ಹಿಡಿದು ಕೆಳಗೆಳೆದು, ಅವರ ಅಂಗೈಯನ್ನು ಅದೇ ಜಾಗಕ್ಕೆ ಒತ್ತಿದಳು.

“ಈಗ ಹೇಳಿ.”

“ಹೇಳಿದ್ನಲ್ಲ, ತಣ್ಣಗಿ...”

ಅವರು ಅವಳ ಕೈಯನ್ನು ನೋಡಿದರು. ಅವಳು ಅದನ್ನು ಸೆರಗಿಗೆ ಉಜ್ಜಿಕೊಳ್ಳುತ್ತಿದ್ದಳು. ಅವರು ತಮ್ಮ ಕೈಯನ್ನು ಟೈರಿನಿಂದ ತೆಗೆದು, ಬಿಸಿಲಿಗೆ ಕಾದ ಬಾನೆಟ್ಟಿನ ಮೇಲಿಟ್ಟರು. ಆಮೇಲೆ ಗೇಟಿನ ಕಬ್ಬಿಣದ ಮೇಲೆ. ಎಲ್ಲಿಟ್ಟರೂ ಕೈ ಅಲ್ಲೇ ಸುಮ್ಮನೆ ಕೂತಿತು. ಕೊನೆಗೆ ಅಂಗೈಯನ್ನು ಮುಖದ ಹತ್ತಿರ ತಂದುಕೊಂಡು, ಕೆಟ್ಟುಹೋದ ಗೇಜನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಚರ್ಮ ಕೆಂಪಗಾಗಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. “ಹೇಳ್ತಾನೇ ಇದೀನಿ ನಾನು. ಸಕ್ಕರೆ ಕಾಯಿಲೆ, ಕೈಕಾಲು ಜೋಮು ಹಿಡಿಯತ್ತೆ, ಡಾಕ್ಟ್ರಿಗೆ ತೋರ್ಸಿ ಅಂತ. ಕೇಳಿದ್ರೆ ತಾನೆ?”

“ನಿಮಗೆ ಗೊತ್ತಿತ್ತಾ ಅತ್ತೆ? ಇವರು ದಿನಾ ಗಾಳಿ ಬಿಡೋದು?”

“ಅವರು ನಿನ್ನ ಗಾಡಿ ನೋಡ್ಕೋತಾರೆ ಅಂತ ಗೊತ್ತಿತ್ತು. ಅವಳಿಗೆ ಹೇಳ್ಬೇಡ, ಕೊಬ್ಬು ಜಾಸ್ತಿ ಆಗತ್ತೆ ಅಂದಿದ್ರು.”

ಅವಳ ಬಾಯಲ್ಲಿ ಮಾತುಗಳು ನುಗ್ಗಿ ಬಂದವು. ಸಾವಿರ ಬಸ್ಸು ನೋಡ್ದೋರು, ಒಂದು ಕಾರು ನೋಡಕ್ಕೆ ಆಗ್ಲಿಲ್ಲ. ಇಷ್ಟು ದಿನ ಯಾರ ಕೈ ಸರಿ ಇಲ್ಲ ಅಂತ ಮಾತಾಡ್ತಿದ್ರಿ? ಎಲ್ಲವೂ ನಾಲಿಗೆಯ ಮೇಲೇ ಇತ್ತು. ಆದರೆ ಎದುರಿಗಿದ್ದ ಮನುಷ್ಯ ಇನ್ನೂ ತನ್ನ ಅಂಗೈಯನ್ನೇ ನೋಡುತ್ತಿದ್ದ. ಬೈಯಲೂ ಆಗದೆ, ಸುಮ್ಮನಿರಲೂ ಆಗದೆ ಅವಳ ಸಿಟ್ಟು ಇನ್ನಷ್ಟು ಹೆಚ್ಚಿತು.

“ನಂಗೇನೂ ಹೇಳ್ಬೇಡಿ,” ಎಂದಳು. “ಟೈಲರಮ್ಮನಿಗೆ ಹೇಳಿ. ತನ್ನ ಕೈದೇ ತಪ್ಪು ಅಂತ ಕೂತಿದಾಳೆ ಆಕೆ. ಹೋಗಿ ನೀವೇ ಹೇಳಿ, ನಿಮ್ಮ ಬಾಯಿಂದ.”

ಅವರು ಜೇಬಿನಿಂದ ಮುಚ್ಚಳಗಳನ್ನು ತೆಗೆದು ಒಂದೊಂದಾಗಿ ವಾಲ್ವುಗಳಿಗೆ ಹಾಕತೊಡಗಿದರು. ಬೆರಳಿಗೆ ಸಿಗದೆ ಒಂದು ಕೆಳಗೆ ಬಿತ್ತು. ಅವರು ಅದನ್ನು ಹುಡುಕುವುದನ್ನು ನೋಡಲಾಗದೆ ಅವಳು ಒಳಗೆ ಹೋದಳು. ತಟ್ಟೆಯ ಅನ್ನ ಆರಿತ್ತು. ಹಾಗೇ ಎತ್ತಿಟ್ಟಳು.

ಸಾಯಂಕಾಲ ಗಂಡ ಗಾಡಿ ಕೊಳ್ಳುವವನನ್ನು ಕರೆದುಕೊಂಡು ಬಂದ. ಹೊಟ್ಟೆ ಮುಂದೆ ಬಿಟ್ಟುಕೊಂಡ ಮನುಷ್ಯ. ಗಾಡಿಯ ಸುತ್ತ ಒಂದು ಸುತ್ತು ಬಂದ, ಗೋಡೆಗೆ ಉಜ್ಜಿದ ಜಾಗ ನೋಡಿ ತುಟಿ ಉಬ್ಬಿಸಿದ. “ಹೆಂಗಸರ ಗಾಡಿ ಅಲ್ವಾ, ಗೊತ್ತಾಗತ್ತೆ,” ಎಂದು ಮುಂದಿನ ಚಕ್ರಕ್ಕೆ ಬೂಟುಗಾಲಿನಿಂದ ಎರಡು ಸಲ ಒದ್ದ.

“ಕಾಲು ತೆಗಿ!”

ಜಗಲಿಯಿಂದ ಬಂದ ಆ ಗುಡುಗು ಡಿಪೋದ ಗುಡುಗು. ಕೊಳ್ಳುವವನು ಒಂದು ಕಾಲಿನ ಮೇಲೆ ಹಾಗೇ ನಿಂತ.

“ಟೈರು ಒದ್ದು ನೋಡೋನಿಗೆ ಗಾಡಿ ಗೊತ್ತಿರಲ್ಲ, ಬರೀ ಬೂಟು ಗೊತ್ತಿರತ್ತೆ. ಗಾಡಿ ಮಾರಾಟಕ್ಕಿಲ್ಲ. ನಡಿ.”

“ಅಪ್ಪಾ, ನೀವೇ ತಾನೆ ಮಾರು ಅಂದಿದ್ದು?” ಎಂದ ಗಂಡ.

“ಅಂದಿದ್ದೆ. ಈಗ ಬೇಡ ಅಂತಿದೀನಿ. ಎರಡೂ ನನ್ನ ಬಾಯೇ.”

“ಯಾಕೆ ಅಂತ ಆದ್ರೂ ಹೇಳಿ.”

ಮಾವ ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಕೈ ಕಟ್ಟಿ ನಿಂತಿದ್ದಳು. ಅವರು ಅವಳನ್ನು ನೋಡಿದರು, ಅವಳು ಕಣ್ಣು ತಗ್ಗಿಸಲಿಲ್ಲ. ಅವರು ಬಾಯಿ ಮುಚ್ಚಿಕೊಂಡು, ಕೈಯನ್ನು ಜೇಬಿಗೆ ಹಾಕಿಕೊಂಡರು.

“ಅತ್ತೆ, ಅವರಿಗೆ ಹೇಳಿ,” ಎಂದಳು ಅವಳು, ಬೀದಿಗೇ ಕೇಳುವಂತೆ. “ಗಾಡಿ ಉಳಿಸಿದ ತಕ್ಷಣ ಮುಗೀಲಿಲ್ಲ ಅಂತ.”

“ಅಯ್ಯೋ, ಮಧ್ಯಾಹ್ನ ತಾನೆ ನೇರ ಮಾತು ಶುರು ಮಾಡಿದ್ರಲ್ಲ! ಮತ್ತೆ ನನ್ನ ತಲೆ ಮೇಲೇನಾ?” ಎಂದು ಅತ್ತೆ ಪಾತ್ರೆಯನ್ನು ಕುಕ್ಕಿದರು. ಕೊಳ್ಳುವವನು ಯಾರಿಗೂ ಹೇಳದೆ ಗೇಟು ದಾಟಿದ. ಗಂಡ ಅವನ ಹಿಂದೆ ಅರ್ಧ ದಾರಿ ಹೋಗಿ, ಏನು ಹೇಳಬೇಕೆಂದು ತಿಳಿಯದೆ ವಾಪಸು ಬಂದ.

ರಾತ್ರಿ ಊಟ ಮುಗಿಸಿ ಎಲ್ಲರೂ ಬೇಗ ದೀಪ ಆರಿಸಿದರು.

ಬೆಳಿಗ್ಗೆ ಅವಳು ಕೀಲಿ ಹಿಡಿದು ಹೊರಗೆ ಬಂದಾಗ ಮಾವ ಆಗಲೇ ಕಾರಿನ ಪಕ್ಕ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಹಾಕಿದ ಗುಂಡಿ. ಒಂದು ಗುಂಡಿ ತಪ್ಪು ಕಾಜಿಗೆ ಸಿಕ್ಕಿಕೊಂಡಿತ್ತು. ಒಂದು ಕೈಯಲ್ಲಿ ಹಿತ್ತಾಳೆಯ ಗೇಜು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟೈಲರಮ್ಮನ ಒಂಟಿ ಚಪ್ಪಲಿ. ರಾತ್ರಿ ಅವಳು ಅದನ್ನು ಕಾರಿನಿಂದ ತಂದು ಅವರ ಕುರ್ಚಿಯ ಪಕ್ಕವೇ ಇಟ್ಟು ಮಲಗಿದ್ದಳು.

“ಅಂಗಡಿ ತೆಗೆದಿರ್ತಾಳಾ ಆಕೆ?”

“ತೆಗೆದಿರ್ತಾಳೆ.”

“ಆಕೆ ಗಂಡಾನೂ ಇರ್ತಾನಾ?”

“ಇರ್ತಾನೆ. ಇದ್ರೆ ಒಳ್ಳೇದೇ. ಅವನಿಗೂ ಕೇಳ್ಬೇಕಲ್ಲ.”

ಮಾವ ತಲೆಯಾಡಿಸಿದರು. ಅವಳು ಪಕ್ಕದ ಸೀಟಿನ ಬಾಗಿಲು ತೆರೆದಳು. ಅವರು ಹತ್ತಲಿಲ್ಲ. ಚಪ್ಪಲಿಯನ್ನು ಮಾತ್ರ ಒಳಗಿಟ್ಟರು.

“ಗಾಳಿ ನೋಡ್ದೆ ಹೊರಡಬಾರದು,” ಎಂದರು.

“ನೋಡಿ ಮತ್ತೆ.”

ಅವರು ಮುಂದಿನ ಚಕ್ರದ ಹತ್ತಿರ ನಿಧಾನವಾಗಿ ಕೂತು, ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಗೇಜನ್ನು ವಾಲ್ವಿನ ಹತ್ತಿರ ತಂದು ನಿಲ್ಲಿಸಿದರು. ಒತ್ತಲಿಲ್ಲ.

“ಕೈ ಇಡು,” ಎಂದರು, ಅವಳ ಕಡೆ ನೋಡದೆ.

ನೀವೇ ಇಡಿ ಎನ್ನುವ ಮಾತು ಅವಳ ತುದಿನಾಲಿಗೆಗೆ ಬಂತು. ಟೈಲರಮ್ಮ ಹೊಲಿಗೆ ಬಿಚ್ಚುತ್ತಿದ್ದ ಎಡಗೈ ಕಣ್ಣಮುಂದೆ ಬಂತು. ಬ್ಯಾಂಕಿನವಳ ಮೆಸೇಜೂ ನೆನಪಾಯಿತು. ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಟೈರಿಗೆ ಅಂಗೈ ಇಟ್ಟಳು. ರಬ್ಬರಿನ ಮೇಲೆ ರಾತ್ರಿಯ ತೇವ ಇನ್ನೂ ಇತ್ತು.

“ತಣ್ಣಗಿದೆ,” ಎಂದಳು, ಪಾತ್ರೆ ಕುಕ್ಕಿದ ಹಾಗೆ.

ಮಾವ ಗೇಜು ಒತ್ತಿದರು. ಒಂದು ಸಣ್ಣ ಸದ್ದಾಗಿ ನಿಂತಿತು. ಮುಳ್ಳನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ಇಪ್ಪತ್ತೇಳು,” ಎಂದರು. ದನಿ ಇಳಿದಿತ್ತು.

ಮೂವತ್ತಮೂರಕ್ಕೆ ಆರು ಕಮ್ಮಿ. ಅವರು ಮುಚ್ಚಳ ಹಾಕಲು ನೋಡಿದರು, ಅದು ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ಮಂಡಿಗೆ ಕೈ ಕೊಟ್ಟು ಎದ್ದು, ಗೋಡೆಗೆ ಉಜ್ಜಿದ ಕಾರಿನ ಪಕ್ಕೆಯನ್ನು ಸವರಿಕೊಂಡೇ ಹಿಂದಕ್ಕೆ ನಡೆದರು. ಹಿಂದಿನ ಚಕ್ರದ ಬಳಿ ಮತ್ತೆ ಕುಕ್ಕರಗಾಲಲ್ಲಿ ಕೂತು, ಗೇಜು ಎತ್ತಿ ಹಿಡಿದು, ಅವಳ ಕೈ ಬರುವುದನ್ನು ಕಾಯತೊಡಗಿದರು.